ಎದುರು ಸಂಘದವಳ ವಿಚಾರಣೆ

ವುಯಿಸಿಲೆ,

ನಿನ್ನನ್ನು ಕೊಮಾನಿಯಲ್ಲಿ ಮಣ್ಣು ಮಾಡಿ ಮೂರು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಇವತ್ತು ಠಾಣೆಯಲ್ಲಿ ನಡೆದದ್ದನ್ನು ನಿನಗೇ ಹೇಳಬೇಕೆನಿಸಿತು. ಸಂಬಳದ ಒಪ್ಪಂದದ ಜಗಳದಲ್ಲಿ ನೀನು ನಮ್ಮ ಪೊಲೀಸ್ ಸಂಘ ಬಿಟ್ಟು ಎದುರು ಸಂಘಕ್ಕೆ ಹೋಗುವವರೆಗೆ ನಾವು ಒಂದೇ ವ್ಯಾನಿನಲ್ಲಿ ಗಸ್ತು ತಿರುಗಿದವರಲ್ಲವೇ?

ನಿಮ್ಮ ಸಂಘದ ಝಿಂಟ್ಲೆ ಎಂಬ ಕಾನ್‌ಸ್ಟೆಬಲ್ ಮೇಲೆ ಶಿಸ್ತಿನ ವಿಚಾರಣೆಯಿತ್ತು. ಕಾವಲು ಬಿಟ್ಟು ನಲವತ್ತು ನಿಮಿಷ ಹೋಗಿದ್ದಳೆಂದು ಆರೋಪ. ನಿಮ್ಮ ಮುಖಂಡರೆಲ್ಲ ಸಂಬಳದ ಮಾತುಕತೆಗೆ ಪ್ರಿಟೋರಿಯಾಕ್ಕೆ ಹೋಗಿದ್ದರು. ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಅಕ್ಕಾ, ನನ್ನ ಪರ ಯಾರೂ ಬಂದಿಲ್ಲ. ನೀವು ಬರ್ತೀರಾ?"

ನಮ್ಮ ಸಂಘದ ಕಾರ್ಯದರ್ಶಿ ಲುಂಗೆಲೊ ನಕ್ಕ. "ನಾವು ಸರ್ಕಾರಕ್ಕೆ ಮಾರಿಕೊಂಡೋರು ಅಂತ ಬೈಯೋ ಸಂಘದವಳು. ಅವಳ ಗೊಡವೆ ನಿನಗ್ಯಾಕೆ?"

"ಸಹೋದ್ಯೋಗಿಯಾಗಿ ಯಾರು ಬೇಕಾದ್ರೂ ಕೂರಬಹುದು. ನಿಯಮ ಓದು," ಎಂದು ಎದ್ದು ಅವಳ ಜೊತೆ ವಿಚಾರಣೆಯ ಕೋಣೆಗೆ ಹೋದೆ.

ಕಷ್ಟವೇನಿರಲಿಲ್ಲ. ಅವಳು ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ಬಿಟ್ಟು ಬಂದಿದ್ದಳು, ವೈರ್‌ಲೆಸ್‌ನಲ್ಲಿ ತಿಳಿಸಿಯೂ ಇದ್ದಳು. ಠಾಣೆಯ ದಾಖಲೆ ಪುಸ್ತಕ ತರಿಸಿ ಆ ಸಾಲನ್ನು ಓದಿಸಿದೆ. ಉತ್ತರ ಬರುವ ಮೊದಲೇ ಹೊರಟಿದ್ದಕ್ಕೆ ಲಿಖಿತ ಎಚ್ಚರಿಕೆ ಕೊಟ್ಟು ಬಿಟ್ಟರು. ಕೆಲಸ ಉಳಿಯಿತು. ಎಲ್ಲ ಸೇರಿ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹೊರಗೆ ಬಂದ ಮೇಲೆ ಅವಳು ಕೇಳಿದಳು, "ಹಿಂದೆ ಯಾವತ್ತಾದ್ರೂ ನಮ್ಮ ಸಂಘದೋರ ಪರ ಹೀಗೆ ಕೂತಿದ್ರಾ?"

"ಇಲ್ಲ," ಎಂದೆ.

ನಿನ್ನನ್ನು ವಿಚಾರಣೆ ಮಾಡಿ ವಜಾ ಮಾಡಿದ ದಿನ ನಿನ್ನ ಪರವೂ ಯಾರೂ ಬಂದಿರಲಿಲ್ಲ. ನಾನು ರಜೆಯಲ್ಲಿದ್ದೆನೆಂದು ನಿನ್ನ ಹೆಂಡತಿಗೆ ಹೇಳಿದ್ದೆ. ರಜೆಯಲ್ಲಿರಲಿಲ್ಲ, ವುಯಿಸಿಲೆ. ಪಕ್ಕದ ಕೋಣೆಯಲ್ಲೇ ಇದ್ದೆ.