ದರ್ಜಿ ಮಾಮನ ಬಾಗಿಲಲ್ಲಿ ಬಾಗಿದ ಕೋಲು

ಅಪ್ಪಾ,

ನೀನು ಹೋದಮೇಲೆ ಅಟ್ಟ ಸೇರಿದ್ದ, ನೀರು ನೋಡುವ ನಿನ್ನ ಕವಲುಕೋಲನ್ನು ಕೆಳಗಿಳಿಸಿದ್ದೇನೆ. ಬಾವಿಗೆ ಜಾಗ ಹುಡುಕುವುದಕ್ಕಲ್ಲ. ನಾನು ಸೇರಿಕೊಂಡಿರುವ ದಳದವರು ಕೇಳಿದರು. ಸುಳ್ಳೇಕೆ, ಅವರು ಕೇಳುವ ಮೊದಲೇ ನಾನು ಅದರ ಬಗ್ಗೆ ಜಂಬ ಕೊಚ್ಚಿಕೊಂಡಿದ್ದೆ.

ಈ ಮಣ್ಣಿಗೆ ತನ್ನವರ ರಕ್ತದ ಗುರುತು ಸಿಗುತ್ತದೆ ಎಂದು ನಮ್ಮ ಮುಖಂಡರು ನಂಬುತ್ತಾರೆ. "ನೆಲದೊಳಗಿನ ನೀರು ಹಿಡಿಯೋ ಕೋಲು ಬೆರಕೆ ರಕ್ತ ಹಿಡಿಯಲ್ವಾ? ನೀವೇ ಹಿಡ್ಕೊಂಡು ನಡೀರಿ," ಎಂದರು. ನನ್ನನ್ನು ಯಾರಾದರೂ 'ನೀವು' ಎಂದು ಕರೆದು ಎಷ್ಟು ಕಾಲವಾಗಿತ್ತೋ.

ಇವತ್ತು ಬೆಳಿಗ್ಗೆ ನಮ್ಮ ಬೀದಿಯಲ್ಲೇ ನಡೆದೆ. ಹಿಂದೆ ಜನ, ಒಬ್ಬನ ಕೈಯಲ್ಲಿ ಬಾಗಿಲಿಗೆ ಗುರುತು ಬಳಿಯಲು ಕೆಂಪು ಬಣ್ಣದ ಡಬ್ಬಿ. ದರ್ಜಿ ಮಾಮನ ಮನೆ ಬರುತ್ತಿದ್ದಂತೆ ಮುಖಂಡರು ಸಣ್ಣಗೆ ಕೆಮ್ಮಿದರು. ಕೋಲು ಬಾಗಿತು.

"ಕೋಲಿಗೇನು ಗೊತ್ತು, ಬಾಗೋದು ಕೈ ಕಣೋ," ಎಂದು ನೀನು ನಗುತ್ತಾ ಹೇಳಿಕೊಟ್ಟಿದ್ದನ್ನು ಅವರಿಗೆ ನಾನು ಹೇಳಿಲ್ಲ.

ಗದ್ದಲ ಕೇಳಿ ಮಾಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೊರಬಂದರು. ಡಬ್ಬಿಯನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಕೋಲನ್ನಷ್ಟೇ ನೋಡಿದರು. ಅವರ ಹಿತ್ತಲ ಬಾವಿಗೆ ಜಾಗ ತೋರಿಸಿದವನು ನೀನಲ್ಲವೇ, ಮುಖ ಅರಳಿತು.

"ಅಂತೂ ಅಪ್ಪನ ಕೆಲಸ ಹಿಡಿದ್ಯಲ್ಲೋ! ನಮ್ಮನೆ ಮುಂದೂ ನೀರು ಸಿಕ್ತಾ?"

"ಸಿಕ್ತು ಮಾಮ," ಎಂದೆ.

ಹಿಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವರ ಜೊತೆ ಮಾಮನೂ ನಕ್ಕರು.