ವಕೀಲಮ್ಮನ ಕೊನೇ ವಾರ

ಅಂಗಡಿ ಮೇಲಿನ ಮನೆಯಿಂದ,
ಮಂಗಳವಾರ, ೧೨ನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಮಗಳು ವಕೀಲಮ್ಮನಿಗೆ ಅಪ್ಪನ ಮನಸಾರೆ ಆಶೀರ್ವಾದ.

ಹೇಗಿದೀಯ ಕಂದಾ? ಹೊಟ್ಟೆ ಸರಿಹೋಯ್ತಾ? ರಾತ್ರಿ ನಿದ್ದೆ ಬರ್ತಿದೆಯಾ, ಇಲ್ಲ ಇನ್ನೂ ಗೂಬೆ ಥರ ಕಣ್ಣು ಬಿಟ್ಕೊಂಡು ಫ್ಯಾನ್ ನೋಡ್ತಾ ಮಲಗಿರ್ತೀಯಾ? ಹಾಸ್ಟೆಲ್ ಊಟ ಸೇರಲ್ಲ ಅಂತ ಬಿಡಬೇಡ, ಮೂಗು ಹಿಡ್ಕೊಂಡಾದ್ರೂ ತಿನ್ನು, ಖಾಲಿ ಹೊಟ್ಟೇಲಿ ಓದಿದ್ದು ಯಾವುದೂ ತಲೇಲಿ ನಿಲ್ಲಲ್ಲ. ನಾವಿಬ್ಬರೂ ಚೆನ್ನಾಗಿದೀವಿ. ನನ್ನ ಮಂಡಿ ನೋವು ಇದ್ದಲ್ಲೇ ಇದೆ, ನಿನ್ನಮ್ಮನ ಕೋಪವೂ ಇದ್ದಲ್ಲೇ ಇದೆ. ಪರೀಕ್ಷೆ ಮುಗಿಯೋವರೆಗೆ ಫೋನೇ ಬೇಡ ಅಂತ ನೀನಾಗೇ ಅದನ್ನ ವಾರ್ಡನ್ ಕೈಗೆ ಕೊಟ್ಟುಬಿಟ್ಟೆಯಲ್ಲ, ಒಳ್ಳೇದೇ ಮಾಡಿದೆ, ಆದ್ರೆ ನಿನ್ನಿಂದಾಗಿ ಈ ವಯಸ್ಸಲ್ಲಿ ನಾನು ಕಾಗದ ಬರೆಯೋ ಹಾಗಾಯ್ತು. ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ. ಸ್ಕ್ರೂಡ್ರೈವರ್ ಹಿಡಿಯೋ ಕೈ ಇದು.

ನಿನ್ನಮ್ಮ ಎದುರಿಗೇ ಹೊಲಿಗೆ ಮಷೀನ್ ಹಾಕ್ಕೊಂಡು ಕೂತಿದಾಳೆ. ಹೊಲೀತಿರೋದು ಬಟ್ಟೆ, ಕಣ್ಣೆಲ್ಲ ನನ್ನ ಪೆನ್ನಿನ ಮೇಲೆ. ಅವಳು ಓದದೆ ಈ ಕಾಗದ ಹೊಸಿಲು ದಾಟೋ ಹಾಗಿಲ್ಲ. ಕಟ್ಟಪ್ಪಣೆ ಆಗಿದೆ: ಧೈರ್ಯ ತುಂಬೋ ಮಾತು ಮಾತ್ರ ಬರೀಬೇಕು, ಮಿಕ್ಕಿದ್ದೆಲ್ಲ ಭಾನುವಾರ ಆದ್ಮೇಲೆ. ನಿಜ ಹೇಳ್ಬೇಕಂದ್ರೆ ಇದು ಎರಡನೇ ಕಾಗದ. ಮೊದಲನೇದನ್ನ ಓದಿ ಹರಿದು ಬುಟ್ಟಿಗೆ ಹಾಕಿದಳು. ಯಾಕೆ ಅಂತ ಬರೆದ್ರೆ ಇದಕ್ಕೂ ಅದೇ ಗತಿ. ಹಾಗಾಗಿ ಬಾಯಿ ಮುಚ್ಕೊಂಡು ಧೈರ್ಯ ತುಂಬ್ತೀನಿ, ತಗೋ.

ನಿನ್ನ ಕೋಚಿಂಗ್ ಮೇಷ್ಟ್ರು ಮೊನ್ನೆ ಫೋನ್ ಮಾಡಿದ್ರು. ಕೊನೇ ಮೂರು ಮಾಕ್ ಟೆಸ್ಟಲ್ಲೂ ನಿನ್ನ ಅಂಕ ಇಳೀತಾ ಬಂದಿದೆಯಂತೆ. ಹೀಗೇ ಆದ್ರೆ ಕಾನೂನು ಕಾಲೇಜಿನ ಸೀಟು ಕೈ ತಪ್ಪುತ್ತೆ ಅಂತಾನೂ ಅಂದ್ರು. ಆದ್ರೆ ಅವರು ಹೇಳಿದ್ದು ಪೂರ್ತಿ ಕೇಳು. ಹುಡುಗಿಗೆ ಗೊತ್ತಿಲ್ಲ ಅಂತಲ್ಲ, ಮೊದಲು ಸರಿಯಾದ ಉತ್ತರಾನೇ ಗುರುತು ಮಾಡ್ತಾಳೆ, ಆಮೇಲೆ ಅನುಮಾನ ಬಂದು ಅಳಿಸಿ ತಪ್ಪು ಹಾಕ್ತಾಳೆ ಅಂದ್ರು. ಉಜ್ಜಿ ಉಜ್ಜಿ ಉತ್ತರ ಪತ್ರಿಕೇಲಿ ತೂತೇ ಬಿದ್ದಿತ್ತಂತೆ. ಇನ್ನು ಹೊಸದೇನೂ ಮುಟ್ಟಬಾರದು, ಗುರುವಾರ ಒಂದೇ ಒಂದು ಟೆಸ್ಟು ಬರೆದು ಮುಗಿಸಬೇಕು, ಆಮೇಲೆ ತಪ್ಪಾದ ಪ್ರಶ್ನೆಗಳನ್ನ ಮಾತ್ರ ತಿರುಗಿ ನೋಡ್ಬೇಕು, ಶನಿವಾರ ಪರೀಕ್ಷೆ ನಡೆಯೋ ಜಾಗಕ್ಕೆ ಸುಮ್ನೆ ಒಂದ್ಸಲ ಹೋಗಿ ಬಾಗಿಲು ಎಲ್ಲಿದೆ ನೋಡ್ಕೊಂಡು ಬಂದು ಮಲಗಬೇಕು ಅಂತ ನಿನಗೆ ಹೇಳಿದಾರಂತೆ. ಇಷ್ಟು ಹೇಳಿದ್ರೂ ನೀನು ಕೇಳದೆ ದಿನಾ ಹೊಸ ಪತ್ರಿಕೆ ಹರಡ್ಕೊಂಡು ಕೂತಿರ್ತೀಯಂತೆ. ಬಿಡು ಮಹರಾಯ್ತಿ! ನಾನು ಲಿಫ್ಟ್ ಕಂಪನಿಗೆ ಹೊಸದಾಗಿ ಸೇರಿದಾಗ ನಮ್ಮ ಹಿರೀ ಮೆಕ್ಯಾನಿಕ್ಕು ಇದಕ್ಕೇ ನನಗೆ ಬೈತಿದ್ರು. ಸರಿಯಾಗಿ ಕೂತ ಬೋಲ್ಟಿಗೆ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಹಾಕ್ತಾ ಹೋದ್ರೆ ಥ್ರೆಡ್ಡೇ ಸವೆದುಹೋಗುತ್ತೆ. ನೀನು ಆಗಲೇ ಸರಿಯಾಗಿ ಕೂತಿದೀಯ. ಕೈ ತೆಗಿ.

ನೀನು ಬಿಟ್ಟುಹೋದ ಹಳೇ ಪ್ರಶ್ನೆ ಪುಸ್ತಕ ಕೆಳಗೆ ರಿಪೇರಿ ಅಂಗಡೀಲಿದೆ. ಗಿರಾಕಿ ಇಲ್ಲದಾಗ, ಯಾರದೋ ಮಿಕ್ಸಿ ಬಿಚ್ಚಿಟ್ಟು ಒಂದೆರಡು ಪ್ರಶ್ನೆ ನೋಡ್ತೀನಿ. ಮಗಳು ಏನು ಪಡಿಪಾಟಲು ಪಡ್ತಿದಾಳೆ ಅಂತ ನನಗೂ ಗೊತ್ತಾಗಲಿ ಅಂತ. ಒಂದು ಪ್ರಶ್ನೆ ಹೀಗಿತ್ತು: ಎಲ್ಲ ಮ್ಯಾನೇಜರುಗಳೂ ಸತ್ಯ ಹೇಳುತ್ತಾರೆ, ಇವರು ಮ್ಯಾನೇಜರು, ಆದ್ದರಿಂದ? ಆದ್ದರಿಂದ ಏನು, ಮಣ್ಣು! ನಾನು ಅಲ್ಲೇ ಪುಸ್ತಕ ಮುಚ್ಚಿದೆ. ಬ್ರೇಕು ಸವೆದಿದೆ ಅಂತ ನಾನು ಹತ್ತು ಸಲ ಬಾಯಿ ಬಡ್ಕೊಂಡಿದ್ರೂ, ಲಿಫ್ಟ್ ಜಾರಿ ಒಬ್ಬರ ಕಾಲು ಮುರಿದ ಮೇಲೆ, ಯಾರೂ ನನಗೆ ಹೇಳೇ ಇಲ್ಲ ಅಂತ ನಮ್ಮ ಮ್ಯಾನೇಜರ್ರು ಕೋರ್ಟಲ್ಲಿ ಪ್ರಮಾಣ ಮಾಡಿದ್ದನ್ನ ಕಿವಿಯಾರೆ ಕೇಳಿದೋನು ನಾನು. ನಿನ್ನಮ್ಮ, ಹಾಗೆ ಅಂದ್ಕೊಂಡು ಉತ್ತರ ಹೇಳು ಅಂದ್ರೆ ಹೇಳೋಕೇನು ಕಷ್ಟ ನಿನಗೆ ಅಂದಳು. ಹೇಗಮ್ಮ ಅಂದ್ಕೊಳ್ಳೋದು? ಊಟದ ತಟ್ಟೆ ಮುಂದೆ ದೊಡ್ಡ ರಾಮಾಯಣವೇ ಆಯ್ತು. ಕೊನೆಗೆ ಅವಳು ಪುಸ್ತಕ ಕಿತ್ಕೊಂಡು ಆ ಪುಟದ ಪ್ರಶ್ನೆಗಳನ್ನೆಲ್ಲ ಟಕಟಕ ಅಂತ ಸರಿ ಮಾಡಿ, ಪುಸ್ತಕ ನನ್ನ ಕಡೆಗೆ ತಳ್ಳಿ, ಪಾತ್ರೆ ತೊಳೆಯೋಕೆ ಎದ್ದು ಹೋದಳು. ನಿನ್ನ ಬುದ್ಧಿ ಯಾವ ಕಡೆಯಿಂದ ಬಂದದ್ದು ಅಂತ ಇನ್ನು ನಾನು ಜಗಳ ತೆಗೆಯಲ್ಲ.

ಈಗ ಬರೆಯೋದು ನಿನ್ನಮ್ಮ ಹೇಳಿ ಬರೆಸ್ತಿರೋದು. ಹಳೇದನ್ನ ನೆನಪು ಮಾಡು, ಅವಳಿಗೆ ಛಲ ಬರಲಿ ಅಂತಾಳೆ. ಆ ಅಪಘಾತಾನ ಕಂಪನಿಯೋರು ನನ್ನ ತಲೆಗೆ ಕಟ್ಟಿ ಕೆಲಸದಿಂದ ತೆಗೆದು ಹಾಕಿದಾಗ ನಿನಗೆ ಒಂಬತ್ತು ವರ್ಷ. ನಾನು ಕೇಸು ಹಾಕಿದೆ. ಒಂದು ತಾರೀಖಿಗೆ, ಸ್ಕೂಲಿಗೆ ರಜ ಇತ್ತು ಅಂತ ನಿನ್ನನ್ನೂ ಕೋರ್ಟಿಗೆ ಕರ್ಕೊಂಡು ಹೋಗಿದ್ದೆ. ಹೊರಗೆ ಉದ್ದದ ಬೆಂಚಿನ ಮೇಲೆ ಕಾಲು ಆಡಿಸ್ತಾ ಕೂತಿದ್ದೆ ನೀನು. ಅವರ ವಕೀಲರು ಒಳಗೆ ಗಿಣಿ ಥರ ಮಾತಾಡ್ತಿದ್ರು. ನಮ್ಮ ವಕೀಲರು ಬಂದೇ ಇರಲಿಲ್ಲ. ಮತ್ತೆ ಮುಂದಿನ ತಾರೀಖು ಅಂತ ನಾನು ಜೋಲುಮೋರೆ ಹಾಕ್ಕೊಂಡು ಹೊರಗೆ ಬಂದಾಗ, ಅಪ್ಪಾ, ನಾನೇ ನಿನ್ನ ವಕೀಲಮ್ಮ ಆಗ್ತೀನಿ, ಅವರಿಗಿಂತ ಜೋರಾಗಿ ಮಾತಾಡ್ತೀನಿ ಅಂದೆ. ನಾನು ಸುಮ್ನಿದ್ನಾ? ಬೀದಿಗೆಲ್ಲ ಡಂಗುರ ಹೊಡ್ಕೊಂಡು ಬಂದೆ. ಕ್ಷೌರದಂಗಡಿಯೋರಿಗೆ, ಹಾಲಿನೋರಿಗೆ, ನಿನ್ನ ಟೀಚರಿಗೆ. ಅವತ್ತಿಂದ ನಿನ್ನ ನಿಜವಾದ ಹೆಸರು ಕರೆಯೋರೇ ಇಲ್ಲ, ಎಲ್ಲರ ಬಾಯಲ್ಲೂ ವಕೀಲಮ್ಮ. ನನಗೇನೋ ಹೆಮ್ಮೆ. ಆದ್ರೆ ಮೊನ್ನೆ ಶನಿವಾರ, ಫೋನು ವಾರ್ಡನ್‌ಗೆ ಕೊಡೋಕೆ ಮುಂಚೆ, ನೀನು ಒಂದು ಮಾತು ಕೇಳಿದೆ. ಅಪ್ಪಾ, ನನಗೆ ಸೀಟು ಸಿಗದೇ ಹೋದ್ರೆ ನಿನ್ನ ಕೇಸು ಯಾರು ನಡೆಸ್ತಾರೆ ಅಂತ. ಲೈನ್ ಸರಿಯಿಲ್ಲ ಅಂತ ನಾನು ಫೋನ್ ಇಟ್ಟುಬಿಟ್ಟೆ. ಲೈನ್ ಸರಿಯಾಗೇ ಇತ್ತು ಮಗಳೇ. ಈ ಸಾಲು ಹೊಡೆದು ಹಾಕು ಅಂತಿದಾಳೆ ನಿನ್ನಮ್ಮ. ಹಾಕಲ್ಲ.

ಸರಿ, ಭಾನುವಾರದ ವಿಷಯ. ಹಾಲ್ ಟಿಕೆಟ್ಟು, ಎರಡು ಪೆನ್ಸಿಲ್ಲು, ನೀರಿನ ಬಾಟ್ಲಿ ಹಿಂದಿನ ದಿನಾನೇ ಚೀಲಕ್ಕೆ ಹಾಕಿಡು. ಬೆಳಿಗ್ಗೆ ಏನಾದ್ರೂ ತಿಂದು ಹೋಗು. ಗೇಟಿನ ಮುಂದೆ ಅದು ಬರುತ್ತೆ ಇದು ಬರುತ್ತೆ ಅಂತ ಹೆದರಿಸೋ ಹುಡುಗರ ಹತ್ರ ಸುಳಿಯಬೇಡ. ಬರದ ಪ್ರಶ್ನೆ ಬಿಟ್ಟು ಮುಂದಕ್ಕೆ ಹೋಗು, ಅದರ ಜೊತೆ ಕುಸ್ತಿಗೆ ಇಳೀಬೇಡ. ಒಂದ್ಸಲ ಗುರುತು ಮಾಡಿದ್ಮೇಲೆ ರಬ್ಬರ್ ಕಡೆ ಕೈ ಹೋದ್ರೆ ನಿನ್ನಮ್ಮ ಹಿಂದೆ ನಿಂತಿದಾಳೆ ಅಂದ್ಕೋ, ಕೈ ತಾನಾಗೇ ವಾಪಸ್ ಬರುತ್ತೆ. ಇದಕ್ಕೆ ಮಾತ್ರ ಅವಳು ನಕ್ಕಳು. ಎರಡು ದಿನದಿಂದ ಮುಖ ಗಂಟು ಹಾಕ್ಕೊಂಡೇ ಇದ್ದಳು, ನಿನ್ನ ಚಿಂತೇನೇ ಅವಳಿಗೆ, ಹೇಳಲ್ಲ ಅಷ್ಟೇ.

ನಿನ್ನಮ್ಮ ಆಶೀರ್ವಾದ ಹೇಳಿದಾಳೆ, ತಲೆಗೆ ಎಣ್ಣೆ ಹಚ್ಕೋ ಅಂತಾನೂ ಹೇಳಿದಾಳೆ. ಪಕ್ಕದ ಮನೆ ಅಜ್ಜಿ ವಕೀಲಮ್ಮನ್ನ ಕೇಳಿದೆ ಅಂತ ಹೇಳು ಅಂದ್ರು. ಮೈ ಕಡೆ ನೋಡ್ಕೋ. ನಗ್ತಾ ಇರು.

ಇಂತಿ ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದೇನೂ ಅಲ್ಲ. ಅಂಚೆ ಕಚೇರಿ ಕೌಂಟರಲ್ಲಿ ನಿಂತು, ದಾರಕ್ಕೆ ಕಟ್ಟಿದ ಪೆನ್ನಲ್ಲಿ ಬರೀತಿದೀನಿ. ಇದನ್ನ ನಿನ್ನಮ್ಮ ಓದಿಲ್ಲ. ನಿನ್ನೆ ತೀರ್ಪು ಬಂತು. ನಾವು ಗೆದ್ವಿ! ತಪ್ಪು ನನ್ನದಲ್ಲ, ಕೆಲಸಕ್ಕೆ ವಾಪಸ್ ತಗೋಬೇಕು ಅಂತ ನ್ಯಾಯಾಧೀಶರು ಎಲ್ಲರೆದುರಿಗೇ ಓದಿದ್ರು. ನಾನು ಅಲ್ಲೇ ಮಗು ಥರ ಅತ್ತುಬಿಟ್ಟೆ. ನಿನಗೆ ಹೇಳದೆ ಹೊಟ್ಟೆ ಉಬ್ಬಿ ಹೋಗಿದೆ ನನಗೆ. ಈಗಲೇ ಹೇಳಿದ್ರೆ ಅವಳ ಛಲ ಇಳಿದುಹೋಗುತ್ತೆ, ಪರೀಕ್ಷೆ ಕೈ ಬಿಡ್ತಾಳೆ ಅಂತ ನಿನ್ನಮ್ಮನ ಭಯ. ಇರಬಹುದು, ಅವಳು ಹೇಳಿದ್ದು ಸುಳ್ಳಾಗೋದು ಕಡಿಮೆ. ಆದ್ರೂ ಇಲ್ಲದಿರೋ ಹೊರೆ ಹೊತ್ಕೊಂಡು ನೀನು ಆ ಹಾಲ್ ಒಳಗೆ ಹೋಗೋದನ್ನ ನನ್ನಿಂದ ನೋಡೋಕಾಗಲ್ಲ. ಇನ್ನು ನನಗೆ ವಕೀಲರು ಬೇಡ ಮಗಳೇ. ಒಂಬತ್ತು ವರ್ಷದ ಮಗು ಆಡಿದ ಮಾತನ್ನ ಊರಿಗೆಲ್ಲ ಹೇಳಿದೆವು, ನಿನಗೆ ಅದು ಬೇಕಾ ಅಂತ ನಾವಿಬ್ಬರೂ ಒಂದು ದಿನಾನೂ ಕೇಳಲಿಲ್ಲ. ಈಗ ಕೇಳ್ತಿದೀನಿ. ನಿನಗೆ ಬೇಕಾ? ಬೇಕು ಅಂದ್ರೆ ಭಾನುವಾರ ಹೋಗಿ ನಿನಗೋಸ್ಕರ ಬರಿ. ಬೇಡ ಅಂದ್ರೆ ಬಸ್ ಹತ್ತಿ ಮನೆಗೆ ಬಾ. ನಿನ್ನಮ್ಮನ ಮುಂದೆ ನಿನ್ನ ಪರವಾಗಿ ನಾನು ವಾದ ಮಾಡ್ತೀನಿ.