ಹುಡುಗ ತಯಾರಾ?

ಒಕೋಲಾ, ಅಲಬಾಮಾ
ಅಕ್ಟೋಬರ್ 28, 1986
ಮಂಗಳವಾರ

ಪ್ರೀತಿಯ ಒಡೆಸ್ಸಾ ಅಕ್ಕಾ,

ಹೇಗಿದ್ದೀಯ? ಸೈನ್ಯದ ಅಡುಗೆಮನೆಯಲ್ಲಿ ಹಬೆ ತಗುಲಿ ಕೈ ಸುಟ್ಟುಕೊಂಡಿದ್ದೆ ಎಂದು ಬರೆದಿದ್ದೆಯಲ್ಲ, ಅದು ಪೂರ್ತಿ ಮಾಗಿತೇ? ಗುಳ್ಳೆ ಒಡೆಯಬೇಡ, ಚಿಕ್ಕಂದಿನಿಂದ ನಿನಗೆ ಆ ಚಟವಿದೆ. ಜರ್ಮನಿಯಲ್ಲಿ ಆಗಲೇ ಹಿಮ ಬೀಳುತ್ತಿದೆ ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ. ನಾವಿನ್ನೂ ತೋಳಿಲ್ಲದ ಅಂಗಿಯಲ್ಲಿ ಬೆವರುತ್ತಿದ್ದೇವೆ. ವಿಲ್ಲಾ ಚಿಕ್ಕಮ್ಮನ ಮಂಡಿನೋವು ಹಾಗೇ ಇದೆ. ಭಾನುವಾರ ಚರ್ಚಿನಿಂದ ಬಂದವರೇ ನನ್ನ ಮುಂದೆ ಕಾಲು ಚಾಚಿ, "ನೀನು ಅಷ್ಟು ಏಟು ತಿನ್ನೋದು, ನೋವು ಮಾತ್ರ ನನಗೆ ಬರೋದು, ಇದ್ಯಾವ ನ್ಯಾಯ?" ಎಂದರು. ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾರೆ. ಒಂದು ಮುಗಿದಿದೆ, ಇನ್ನೊಂದು ನೀನು ಬರುವಷ್ಟರಲ್ಲಿ ಮುಗಿಯಬಹುದು. ನಾನು ಚೆನ್ನಾಗಿದ್ದೇನೆ. ಎಡಭುಜ ಬೆಳಿಗ್ಗೆ ಹೊತ್ತು ಸ್ವಲ್ಪ ಹಿಡಿದುಕೊಳ್ಳುತ್ತದೆ, ಅಷ್ಟೆ.

ನಿನಗೆ ರಜೆ ಸಿಕ್ಕಿತೆಂಬ ಕಾಗದ ಬಂದಾಗ ಅದನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮಾತೇ ಆಡದವನು ಇವತ್ತು ಕಾಗದ ಓದುತ್ತಿದ್ದಾನಲ್ಲ ಎಂದು ಎಲ್ಲರೂ ನಕ್ಕರು. ನವೆಂಬರ್ ಹದಿನೈದು ನಮ್ಮ ಕಾಲೇಜು ಮೈದಾನದಲ್ಲಿ ಈ ವರ್ಷದ ಕೊನೆಯ ಫುಟ್‌ಬಾಲ್ ಪಂದ್ಯ, ಓದು ಮುಗಿಯುತ್ತಿರುವ ನನಗಂತೂ ಇಲ್ಲಿ ಅದೇ ಕೊನೆಯದು. ನೀನು ಅಷ್ಟು ದೂರದಿಂದ ಸಮುದ್ರ ದಾಟಿ ಬಂದು ಕೂತಿರುವಾಗ ನಾನು ಚೆಂಡು ಹಿಡಿದು ಓಡುತ್ತಿರಬೇಕು. ಈ ವರ್ಷ ನಾನು ಆಸೆಪಟ್ಟಿದ್ದು ಇದೊಂದನ್ನೇ. ಗೇಟಿನ ಹತ್ತಿರ ಬೇಯಿಸಿದ ಕಡಲೆಕಾಯಿ ಮಾರುವ ಸ್ಪರ್ಲಿನ್ ತಾತ ಈಗಲೂ ಅಲ್ಲೇ ಇದ್ದಾರೆ. "ಎಲ್ಲಪ್ಪಾ ನಿನ್ನ ಅಕ್ಕ, ಉಪ್ಪು ಕಮ್ಮಿ ಅಂತ ಜಗಳ ಆಡೋಳು? ಅವಳಿಲ್ಲದೆ ನನ್ನ ಕಡಲೆಕಾಯಿಗೆ ಮರ್ಯಾದೆನೇ ಇಲ್ಲ" ಎಂದರು. ಸೈನ್ಯ ಸೇರುವ ಮುಂಚೆ ನೀನು ಕೋಳಿ ಕಾರ್ಖಾನೆಯ ಪಾಳಿ ಮುಗಿಸಿ ಓಡಿ ಬಂದರೂ ಅವರ ಜೊತೆ ಹರಟದೆ ಒಳಗೆ ಬಂದವಳಲ್ಲ. ಅರ್ಧ ಪಂದ್ಯ ಮುಗಿದ ಮೇಲೆ ಕಂಬಿಯ ಹತ್ತಿರ ನಿಂತು, "ಲೆಮ್, ನಾನು ನೋಡ್ಲಿಲ್ಲ ಕಣೋ, ಇನ್ನೊಂದ್ಸಲ ಓಡು!" ಎಂದು ಕೂಗುತ್ತಿದ್ದೆ. ಇಡೀ ಮೈದಾನ ನಗುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಮುಂದಿನ ಸಲ ಇನ್ನೂ ಜೋರಾಗಿ ಓಡುತ್ತಿದ್ದೆ.

ಈಗ ಆ ಹುಡುಗನ ವಿಷಯ ಬರೆಯಬೇಕು. ಹೋದ ಕಾಗದದಲ್ಲಿ ಬರೆಯದೆ ಬಿಟ್ಟಿದ್ದೆ, ಬರೆಯಲು ಮನಸ್ಸಾಗಿರಲಿಲ್ಲ. ಅವನ ಹೆಸರು ಡೊನೆಲ್ ಟಿಬ್ಸ್. ಈ ವರ್ಷವೇ ಕಾಲೇಜಿಗೆ ಸೇರಿದವನು. ಇನ್ನೂ ಸರಿಯಾಗಿ ಮೀಸೆ ಮೂಡಿಲ್ಲ. ಅವನು ಓಡುವುದನ್ನು ಮೊದಲ ದಿನ ನೋಡಿದಾಗಲೇ ನನ್ನ ಜಾಗಕ್ಕೆ ಸಂಚಕಾರ ಬಂತೆಂದು ಗೊತ್ತಾಯಿತು. ನಾವೆಲ್ಲ ಓಡುತ್ತೇವೆ, ಅವನು ಜಾರುತ್ತಾನೆ. ಎದುರಿಗಿರುವವನು ಹಿಡಿದೇ ಬಿಟ್ಟೆ ಎಂದುಕೊಳ್ಳುವಷ್ಟರಲ್ಲಿ ಅವನ ಕೈಯಲ್ಲಿ ಬರೀ ಗಾಳಿ. ನಾಲ್ಕು ವರ್ಷ ಬೆವರು ಸುರಿಸಿ ಕಲಿತದ್ದನ್ನು ಈ ಪೋರ ತಾಯಿಯ ಹೊಟ್ಟೆಯಿಂದಲೇ ತಂದಿದ್ದಾನೆ. ಹೋಗಲಿ, ಕೊಬ್ಬಾದರೂ ಇದೆಯೇ ಎಂದರೆ ಅದೂ ಇಲ್ಲ. ನನ್ನನ್ನು ಅಣ್ಣಾ ಎನ್ನುತ್ತಾನೆ. ಅವನ ಅಮ್ಮ ಪೆಕನ್ ಬೀಜದ ಸಿಹಿ ಕಡುಬು ಕಳಿಸಿದರೆ ಮೊದಲ ತುಂಡು ನನ್ನ ಹತ್ತಿರ ತರುತ್ತಾನೆ. ಹಸಿವಿಲ್ಲ ಎಂದು ಹೇಳಿ, ಅವನು ಅತ್ತ ಹೋದ ಮೇಲೆ ಪರಿಮಳ ಕುಡಿಯುತ್ತಾ ಕೂತಿರುತ್ತೇನೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಯಾವುದು ಗೊತ್ತೇ? ಊಟದ ಮನೆಯ ಮಿಸ್ ಅರ್ಲೀನ್ ಮೆಕ್ಕೆಜೋಳದ ಬ್ರೆಡ್ಡಿನ ಗರಿಗರಿ ಅಂಚಿನ ತುಂಡನ್ನು ನಾಲ್ಕು ವರ್ಷದಿಂದ ನನಗೆಂದೇ ಎತ್ತಿಡುತ್ತಿದ್ದರು. ಹೋದ ತಿಂಗಳು ಅದನ್ನು ಅವನ ತಟ್ಟೆಗೆ ಹಾಕಿದರು. "ನಿನಗೆ ಮೈ ಬಂದಿದೆ ಮಗಾ, ಇವನು ನೋಡು ಕಡ್ಡಿ ಥರ ಇದಾನೆ" ಎಂದರು. ನಾನು ನಡುವಿನ ಮೆತ್ತಗಿನ ತುಂಡು ತಿಂದು ಎದ್ದೆ.

ಆದರೂ ನನ್ನ ಜಾಗ ನನಗಿತ್ತು. ಯಾಕೆಂದು ಹೇಳುತ್ತೇನೆ ಕೇಳು. ಓಟವೊಂದೇ ನಿನ್ನ ಕಣ್ಣಿಗೆ ಬೀಳುವುದು, ಉಳಿದ ಕೆಲಸವನ್ನು ನೀನು ಯಾವತ್ತೂ ನೋಡಿಲ್ಲ. ಎರಡು ಸರದಿ ಓಡಿಯೂ ಬೇಕಾದಷ್ಟು ಮುಂದೆ ಹೋಗಲಾಗದೆ ಮೂರನೇ ಸರದಿ ಬಂದಾಗ ನಮ್ಮ ವೇಡ್ ಚೆಂಡು ಎಸೆಯಲು ಹಿಂದೆ ಸರಿದು ನಿಲ್ಲುತ್ತಾನಲ್ಲ, ಆಗ ಎದುರಾಳಿಗಳು ಅವನನ್ನು ಮುರಿಯಲು ನುಗ್ಗುತ್ತಾರೆ. ಪಕ್ಕದಲ್ಲಿ ನಿಂತ ಓಟಗಾರ ಅಡ್ಡ ಬಿದ್ದು ಅವರನ್ನು ತಡೆಯಬೇಕು. ಚೆಂಡಿಲ್ಲ, ಚಪ್ಪಾಳೆಯಿಲ್ಲ, ಬರೀ ಏಟು. ಎಳೆಯ ಹುಡುಗರೆಲ್ಲ ಎಡವುವುದು ಇಲ್ಲೇ. ಅದಕ್ಕೇ ನಮ್ಮ ಹ್ಯಾಗುಡ್ ಕೋಚ್ ಒಂದು ಪದ್ಧತಿ ಇಟ್ಟಿದ್ದಾರೆ. ಓಟಗಾರರಲ್ಲಿ ಹಿರಿಯನಾದವನು ಹೂಂ ಎನ್ನುವವರೆಗೆ ಹೊಸಬನನ್ನು ಮೂರನೇ ಸರದಿಗೆ ಇಳಿಸುವುದಿಲ್ಲ. "ಓಡೋದು ನನ್ನ ಕಣ್ಣಿಗೇ ಕಾಣುತ್ತೆ ಕಣ್ರೋ. ಕಾಯೋದು ಪಕ್ಕದಲ್ಲಿ ನಿಂತೋನಿಗೆ ಮಾತ್ರ ಗೊತ್ತು" ಎನ್ನುತ್ತಾರೆ. ಮೂರನೇ ಸರದಿಗೆ ಇಳಿಯದವನು ಮೊದಲ ಓಟಗಾರನಾಗುವ ಹಾಗೂ ಇಲ್ಲ. ಅಲ್ಲದೆ, "ಎಳೇ ಮೂಳೆ, ಒಂದೇ ಸಲ ಹೊರೆ ಹೊರಿಸಿದ್ರೆ ಮೊಣಕಾಲು ಹೋಗುತ್ತೆ" ಎಂದು ಡೊನೆಲ್‌ನನ್ನು ಪಂದ್ಯಕ್ಕೆ ನಾಲ್ಕಾರು ಸಲ ಓಡಿಸಿ ಕೂರಿಸುತ್ತಿದ್ದರು. ಬೇರೆ ಯಾರ ಮಾತಿಗೂ ನಾನು ಅಷ್ಟು ಮನಸ್ಸಿನಿಂದ ತಲೆಯಾಡಿಸಿದ್ದಿಲ್ಲ.

ಪ್ರತಿ ಗುರುವಾರ ಕೋಚ್ ಎಲ್ಲರೆದುರು ಕೇಳುತ್ತಿದ್ದರು: "ಏನಪ್ಪಾ ಲೆಮ್, ಹುಡುಗ ತಯಾರಾ?" ನಾನು ಇಲ್ಲ ಎನ್ನುತ್ತಿದ್ದೆ. ಮೊದಮೊದಲು ಅದು ನಿಜವೇ ಆಗಿತ್ತು. ತಲೆ ಬಗ್ಗಿಸಿಕೊಂಡು ನುಗ್ಗುತ್ತಿದ್ದ, ಕಾಲು ತಡವರಿಸುತ್ತಿತ್ತು. ಅವನಿಗೆ ಕಲಿಸುವ ಕೆಲಸವೂ ನನ್ನದೇ. ಅಭ್ಯಾಸ ಮುಗಿದು ಬೇರೆಯವರು ಸ್ನಾನಕ್ಕೆ ಹೋದ ಮೇಲೆ ನಾನು ಹಾಸಿಗೆಯಷ್ಟು ದಪ್ಪದ ಮೆತ್ತೆ ಹಿಡಿದು ಅವನ ಮೇಲೆ ಏರಿ ಹೋಗುತ್ತಿದ್ದೆ. "ತಲೆ ಎತ್ತೋ! ಕಾಲು ನೋಡ್ಬೇಡ, ಸೊಂಟ ನೋಡು! ಮೊದ್ಲು ಒಳಗೆ ನೋಡು, ಆಮೇಲೆ ಹೊರಗೆ!" ಅಂದರೆ ಸಾಲಿನ ನಡುವಿನಿಂದ ನುಗ್ಗುವವನನ್ನು ಮೊದಲು, ಬದಿಯಿಂದ ಬರುವವನನ್ನು ಆಮೇಲೆ. ಅಕ್ಕಾ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ನಾನು ಅವನನ್ನು ತಿದ್ದಲು ಹೊಡೆಯುತ್ತಿರಲಿಲ್ಲ. ಸಾಕು ಎನ್ನಲಿ, ಅಳಲಿ, ಬೇಕಾದರೆ ಅಮ್ಮನ ಹತ್ತಿರ ಹೋಗಲಿ ಎಂದು ಹೊಡೆಯುತ್ತಿದ್ದೆ. ಅವನು ಹುಲ್ಲಿನ ಮೇಲೆ ಬಿದ್ದು ಎದ್ದು ಬಾಯಿಯ ಮಣ್ಣು ಉಗಿದು, "ಇನ್ನೊಂದ್ಸಲ ಬಾ ಅಣ್ಣಾ" ಎನ್ನುತ್ತಿದ್ದ. ಹೀಗೆ ದಿನಾ ಇನ್ನೊಂದು ಸಲ, ಇನ್ನೊಂದು ಸಲ. ಹೀಗಿರುವಾಗ ಒಂದು ಸಂಜೆ ನಾನು ಪೂರ್ತಿ ಬಲ ಹಾಕಿ ಹೋದರೂ ಅವನು ಬೀಳಲಿಲ್ಲ. ಕಂಬಕ್ಕೆ ಡಿಕ್ಕಿ ಹೊಡೆದ ಹಾಗಾಯಿತು. ಅವನ ಮುಖದಲ್ಲಿ ಸಂತೋಷ ಉಕ್ಕುವುದು ಕಂಡಿತು. ಆ ಗುರುವಾರವೂ ಕೋಚ್ ಕೇಳಿದರು. ನಾನು ಆಗಲೂ ಇಲ್ಲ ಎಂದೆ. ಡೊನೆಲ್ ನನ್ನ ಮುಖ ನೋಡಿ ನೆಲ ನೋಡಿದ. ಜಗಳಕ್ಕೆ ಬಂದಿದ್ದರೂ ಪರವಾಗಿರಲಿಲ್ಲ.

ಮೊನ್ನೆ ಶನಿವಾರ ಬೆಟ್ಟದ ಕಾಲೇಜಿನವರ ಮೈದಾನದಲ್ಲಿ ಪಂದ್ಯ. ಎರಡೂ ಕಡೆ ಸಮಸಮ. ಮೂರನೇ ಸರದಿ ಬಂತು, ನಾನು ವೇಡ್‌ನ ಪಕ್ಕ ನಿಂತೆ. ಚೆಂಡು ನೆಲದಿಂದ ಎದ್ದು ವೇಡ್‌ನ ಕೈಗೆ ಬರುವ ಮುಂಚೆ ಎದುರಾಳಿಯನ್ನು ನೋಡಬೇಕಾದ ಕಣ್ಣು ಯಾಕೋ ಮೈದಾನದ ಅಂಚಿನ ಕಡೆ ತಿರುಗಿತು. ಡೊನೆಲ್ ನನ್ನನ್ನು ನೋಡುತ್ತಿದ್ದಾನೋ ಇಲ್ಲವೋ ಎಂದು ನೋಡುವ ಆಸೆ. ನೋಡುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಒಬ್ಬ ನನ್ನ ಪಕ್ಕದಲ್ಲೇ ಹಾದುಹೋದ, ಅವನ ಬೆವರು ನನ್ನ ಮುಖಕ್ಕೆ ಸಿಡಿಯಿತು. ನಾನು ತಿರುಗುವಷ್ಟರಲ್ಲಿ ವೇಡ್ ನೆಲದ ಮೇಲಿದ್ದ. ತುಸು ಹೊತ್ತು ಏಳಲಿಲ್ಲ. ಎದ್ದಾಗ ತುಟಿ ಒಡೆದಿತ್ತು. "ಏನ್ ಲೆಮ್, ಊರಿಗೆ ಹೋಗಿದ್ಯಾ? ಬರುವಾಗ ಏನಾದ್ರೂ ತಂದ್ಯಾ?" ಎಂದ. ವೇಡ್ ಒಳ್ಳೆಯವನು, ತಮಾಷೆ ಮಾಡಿ ಬಿಟ್ಟ. ನನಗೆ ನಗು ಬರಲಿಲ್ಲ.

ಅಂಚಿಗೆ ಬಂದು ಕೂತಾಗ ಡೊನೆಲ್ ನೀರು ತಂದ. ಬೇರೆಯವರಿಗೆ ಕೇಳಿಸಬಾರದೆಂದು ಕಿವಿಯ ಹತ್ತಿರ ಬಗ್ಗಿ, "ಅಣ್ಣಾ, ಒಳಗಿನೋನೇ ಮೊದ್ಲು ಬಂದಿದ್ದು. ಚೆಂಡು ಏಳೋಕ್ ಮುಂಚೆನೇ ಹಿಮ್ಮಡಿ ಎತ್ತಿದ್ದ. ಮೊದ್ಲು ಒಳಗೆ ನೋಡು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ" ಎಂದ. "ಬಾಯ್ಮುಚ್ಕೊಂಡು ನೀರು ಕೊಡು" ಎಂದೆ. ಅವನು ಕೊಟ್ಟ. ಅಷ್ಟು ದೂರ ನಿಂತವನು ಒಬ್ಬನ ಹಿಮ್ಮಡಿ ಕಂಡಿದ್ದ, ಮಗ್ಗುಲಲ್ಲಿ ನಿಂತ ನನಗೆ ಇಡೀ ಆಳೇ ಕಾಣಲಿಲ್ಲ. ಮುಂದಿನ ಮೂರನೇ ಸರದಿಗೆ ಕೋಚ್ ನನ್ನ ಕಡೆ ನೋಡಿದರು. ಬಾಯಿಬಿಟ್ಟು ಕೇಳಲಿಲ್ಲ, ಹುಬ್ಬು ಎತ್ತಿದರು ಅಷ್ಟೆ. ವೇಡ್ ತುಟಿಯ ರಕ್ತ ಒರೆಸಿಕೊಳ್ಳುತ್ತಿದ್ದ. ಕೊನೆಗೆ ಹೂಂ ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

ಆಮೇಲೆ ಏನಾಗಿರುತ್ತದೆ ಎಂದು ನೀನೇ ಊಹಿಸು. ಒಳಗಿನವನು ಬಂದ, ಡೊನೆಲ್ ತಲೆ ಎತ್ತಿ ನಿಂತು ಅವನನ್ನು ಅಲ್ಲೇ ನಿಲ್ಲಿಸಿದ. ವೇಡ್ ನಿಧಾನವಾಗಿ, ಚರ್ಚಿನ ಜಗಲಿಯ ಮೇಲೆ ನಿಂತವನ ಹಾಗೆ, ಚೆಂಡು ಎಸೆದ. ಅದಾದ ಮೇಲೆ ಕೋಚ್ ಡೊನೆಲ್‌ನನ್ನು ಹೊರಗೆ ಕರೆಯಲೇ ಇಲ್ಲ. ಪಂದ್ಯ ಮುಗಿಯುವ ಮುಂಚೆ ಅವನು ಒಂದು ಓಟ ಓಡಿದ ಅಕ್ಕಾ. ಎಡಕ್ಕೆ ಹೋದವನು ಬಲಕ್ಕೆ ಬಂದು, ಇಬ್ಬರು ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡಿ, ಕೊನೆಯ ಗೆರೆ ದಾಟುವವರೆಗೂ ನಿಲ್ಲಲಿಲ್ಲ. ಎಲ್ಲರೂ ಎಗರಿದರು. ನಾನೂ ಚಪ್ಪಾಳೆ ತಟ್ಟಿದೆ, ಆದರೆ ಆಟದ ಕೈಗವಸಿನಲ್ಲಿ ಸದ್ದೇ ಬರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಕಿಟಕಿಗೆ ತಲೆ ಆನಿಸಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ್ದೆ. ನಾನು ಹೊಸಬನಾಗಿದ್ದಾಗ ನನಗಾಗಿ ಹೂಂ ಎಂದವನು ರೂಫಸ್, ನಿನಗೆ ನೆನಪಿರಬಹುದು, ಚಿಕ್ಕಮ್ಮನ ಮನೆಗೆ ಊಟಕ್ಕೆ ಬರುತ್ತಿದ್ದ. ಆಮೇಲೆ ಬೆಂಚಿನ ಮೇಲೆ ಕೂತು ನನ್ನ ನೀರಿನ ಬಾಟಲಿ ಹಿಡಿದಿರುತ್ತಿದ್ದ. ಅವನಿಗೆ ಏನನ್ನಿಸುತ್ತಿತ್ತೋ, ನಾನು ಒಮ್ಮೆಯೂ ಕೇಳಲಿಲ್ಲ. ಆಗ ನನಗೆ ಓಡುವುದೊಂದೇ ಗೊತ್ತಿತ್ತು.

ನಿನ್ನೆ ಸೋಮವಾರ ಕೋಚ್ ಕರೆದು ಕೂರಿಸಿದರು. ಇನ್ನು ಮೇಲೆ ಡೊನೆಲ್ ಮೊದಲ ಓಟಗಾರ, ಅವನು ದಣಿದರೆ ನಾನು. "ನಿನ್ನ ಕೈಯಲ್ಲಿ ಪಳಗಿದ ಹುಡುಗ ಕಣೋ, ನಿನಗೆ ಹೆಮ್ಮೆ ಆಗ್ಬೇಕು" ಎಂದರು. ಸರಿ ಕೋಚ್ ಎಂದೆ. ಹೆಮ್ಮೆ ಎಲ್ಲಿದೆ ಎಂದು ನಿನ್ನೆಯಿಂದ ಹುಡುಕುತ್ತಿದ್ದೇನೆ, ಸಿಗುತ್ತಿರುವುದು ಬರೀ ಹೊಟ್ಟೆಕಿಚ್ಚು. ಮಧ್ಯಾಹ್ನ ಊಟಕ್ಕೆ ಕೂತಾಗ ಡೊನೆಲ್ ತನ್ನ ತಟ್ಟೆಯ ಅಂಚಿನ ತುಂಡು ಎತ್ತಿ, ಒಂದು ಮಾತೂ ಆಡದೆ ನನ್ನ ತಟ್ಟೆಗೆ ಹಾಕಿ ಹೋದ. ತಿಂದೆ. ಗರಿಗರಿಯಾಗಿಯೇ ಇತ್ತು. ಹೊಟ್ಟೆಕಿಚ್ಚು ಮಾತ್ರ ಹಾಗೇ ಇದೆ. ಸಂಜೆ ಎಂದಿನಂತೆ ಮೆತ್ತೆ ಹಿಡಿದು ಅವನ ಮೇಲೆ ಹೋದೆ. ಅವನು ಎಡಗಾಲು ಇನ್ನೂ ತಡವಾಗಿ ಇಡುತ್ತಾನೆ. ಅದನ್ನು ಹೇಳಿದೆ.

ಬರಬೇಡ, ರಜೆಯನ್ನು ಬೇರೆ ಯಾವಾಗಲಾದರೂ ಇಟ್ಟುಕೋ ಎಂದು ನಿನಗೆ ಒಂದು ಕಾಗದ ಬರೆದಿದ್ದೆ. ಬೆಂಚಿನ ಮೇಲೆ ಕೂತ ತಮ್ಮನನ್ನು ನೋಡಲು ಯಾರಾದರೂ ಅಷ್ಟು ದೂರದಿಂದ ಬರುತ್ತಾರೆಯೇ? ಅದನ್ನು ಹರಿದು ಹಾಕಿ ಇದನ್ನು ಬರೆದೆ. ನಿನ್ನನ್ನು ನೋಡಿ ಬಹಳ ದಿನವಾಯಿತು. ಚಿಕ್ಕಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ, ಇನ್ನೊಂದು ಕಾಲುಚೀಲಕ್ಕೆ ಯಾವ ಬಣ್ಣವೆಂದು ಕೇಳಬೇಡ ಎಂದೂ ಹೇಳಿದ್ದಾರೆ. ದಾರಿಯಲ್ಲಿ ಹುಷಾರು. ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ತಮ್ಮ,
ಲೆಮ್ಯುಯೆಲ್

ಮರೆತಿದ್ದೆ: ಅಕ್ಕಾ, ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕೊನೆಯ ಪಂದ್ಯದಲ್ಲಿ ಕಾಲೇಜು ಬಿಟ್ಟುಹೋಗುವ ಹುಡುಗರನ್ನೇ ಮೊದಲ ಸರದಿಗೆ ಇಳಿಸುವುದು ನಮ್ಮಲ್ಲಿ ಪದ್ಧತಿ. ಆ ಒಂದು ಸರದಿ ನನ್ನದು, ಚೆಂಡು ನನ್ನ ಕೈಗೇ ಎಂದು ಕೋಚ್ ಮಾತು ಕೊಟ್ಟಿದ್ದಾರೆ. ಎರಡನೆಯದಕ್ಕೆ ಡೊನೆಲ್ ಬರುತ್ತಾನೆ. ಅದಕ್ಕೇ ಈ ಸಲ ಮಾತ್ರ ತಡಮಾಡಬೇಡ. ಸ್ಪರ್ಲಿನ್ ತಾತನ ಹತ್ತಿರ ಕಡಲೆಕಾಯಿ ಆಮೇಲೆ ಕೊಂಡರಾಯಿತು, ಉಪ್ಪಿನ ಜಗಳವನ್ನೂ ಆಮೇಲೆ ಆಡು. ಮೊದಲು ಒಳಗೆ ಬಂದು ಕಂಬಿ ಹಿಡಿದು ನಿಂತುಕೋ. ಇನ್ನೊಂದ್ಸಲ ಓಡು ಎಂದರೆ ಈ ಸಲ ಆಗುವುದಿಲ್ಲ. ಅದಾದ ಮೇಲೆ ಹುಡುಗನನ್ನೂ ನೋಡು, ಚೆನ್ನಾಗಿ ಓಡುತ್ತಾನೆ. ಚಪ್ಪಾಳೆಯನ್ನೂ ತಟ್ಟು, ಆದರೆ ಕೈಗವಸು ಹಾಕಿಕೊಂಡು.